ಹಾಡಿಗೆ ಕಣ್ಣು ಬರುವ ಬಗೆ

‘ಸ್ಫೂರ್ತಿ’ ಎಂಬ ಪದದ ಮೂಲದಲ್ಲಿರುವುದು ‘ಸ್ಫುರ್’ ಎಂಬ ಧಾತು. ಅದುರುವುದು, ಮಿಡಿಯುವುದು, ತಟ್ಟನೆ ಹೊಳೆಯುವುದು ಎಂದೆಲ್ಲ ಅದಕ್ಕೆ ಅರ್ಥ. ಪದ್ಯಪಾಠ ಮುಗಿದ ಮೇಲೆ ತರಗತಿಯ ಹಿಂದಿನ ಬೆಂಚಿನಿಂದ ವರ್ಷಕ್ಕೊಮ್ಮೆಯಾದರೂ ಒಂದು ಪ್ರಶ್ನೆ ಎದ್ದು ಬರುತ್ತಿತ್ತು: “ಸಾರ್, ಕವಿಗಳಿಗೆ ಇದೆಲ್ಲ ಹೇಗೆ ಹೊಳೆಯುತ್ತೆ?” ನಾನು ಆಗೆಲ್ಲ ಮಮ್ಮಟನ ಮೊರೆ ಹೋಗುತ್ತಿದ್ದೆ. 11ನೆಯ ಶತಮಾನದ ಕಾಶ್ಮೀರದ ಆ ಆಲಂಕಾರಿಕ ತನ್ನ ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೇಳಿದ್ದಾನೆ. ಶಕ್ತಿ ಹುಟ್ಟಿನಿಂದ ಬಂದದ್ದು. ನಿಪುಣತೆ ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ನೋಡಿ ಬಂದದ್ದು. ಅಭ್ಯಾಸವು ಬಲ್ಲವರ ಬಳಿ ಕುಳಿತು ಮಾಡಿದ್ದು. ಇವು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿದಾಗ ಮಾತ್ರ ಒಂದು ಕಾರಣ ಎಂಬುದು ಅವನ ಮಾತಿನ ಮರ್ಮ. ಇಷ್ಟು ಹೇಳಿ ನಾನು ಪುಸ್ತಕ ಮಡಚುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನ ಮುಖದಲ್ಲಿ ಮಾತ್ರ ಸಮಾಧಾನ ಕಾಣುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದು ಸೂತ್ರವಲ್ಲ, ದೃಷ್ಟಾಂತ.

ಅಂಥದೊಂದು ದೃಷ್ಟಾಂತ ನಿವೃತ್ತಿಯ ನಂತರ ನನಗೆ ದೊರೆಯಿತು. ಅದೂ ಕಾವ್ಯದಿಂದಲ್ಲ, ಈಗಿನ ಹುಡುಗರು ‘ಮ್ಯೂಸಿಕ್ ವಿಡಿಯೋ’ ಎಂದು ಕರೆಯುವ ದೃಶ್ಯಗೀತೆಯಿಂದ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

2004ರಲ್ಲಿ ನಮ್ಮ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದ ಒಬ್ಬ ವಿದ್ಯಾರ್ಥಿ ಬೆಂಗಳೂರಿನಲ್ಲಿ ಜಾಹೀರಾತು ಚಿತ್ರಗಳ ಸಂಕಲನ ಮಾಡಿಕೊಂಡಿದ್ದಾನೆ. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿರುವುದರಿಂದ ‘ಹುಡುಗ’ ಎಂದೇ ಕರೆಯುತ್ತೇನೆ. ಅವನ ಕಿವಿಯ ಮೇಲೆ ಈಗ ನರೆ ಮೂಡಿದ್ದರೂ ನನಗೆ ಅವನು ಹುಡುಗನೇ. ಕಳೆದ ವರ್ಷ ಅವನು ಮನೆಗೆ ಬಂದಾಗ ಅವನ ಕೈಯಲ್ಲೊಂದು ಹಳೆಯ ಕ್ಯಾಸೆಟ್ ಇತ್ತು. ಅದರಲ್ಲಿ ಅವನ ತಾಯಿಯ ಧ್ವನಿ. ಆಕೆ ರಾಗಿ ಬೀಸುತ್ತ ಹಾಡಿಕೊಳ್ಳುತ್ತಿದ್ದುದನ್ನು, ಆಗಷ್ಟೇ ಹೊಸದಾಗಿ ತಂದಿದ್ದ ಟೇಪ್ ರೆಕಾರ್ಡರನ್ನು ಪರೀಕ್ಷಿಸುವ ನೆಪದಲ್ಲಿ, ಆಕೆಗೆ ತಿಳಿಯದಂತೆ ಅವನ ತಂದೆ ಮುದ್ರಿಸಿಕೊಂಡಿದ್ದರು. ಅದರ ಹಿಂದೆ ಮುಂದೆ ಸಿನಿಮಾ ಹಾಡುಗಳು. ನಡುವೆ ಮೂರು ನಿಮಿಷ, ಚಿಲ್ಲರೆ ಸೆಕೆಂಡು, ತಾಯಿ. ಆಕೆ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಆಕೆ ಇದ್ದ ದಿನಗಳಲ್ಲಿ ಯಾರೂ ಆಕೆಯ ಒಂದೇ ಒಂದು ವಿಡಿಯೋ ತೆಗೆದಿರಲಿಲ್ಲ. ದಿನವೆಲ್ಲ ಬೇರೆಯವರ ಸೋಪು, ಬೇರೆಯವರ ಮೊಬೈಲುಗಳ ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಮಗನ ಬಳಿ ತಾಯಿಯ ಚಲಿಸುವ ಚಿತ್ರ ಇರಲಿಲ್ಲ.

“ಈ ಹಾಡಿಗೆ ನಾನೇ ಒಂದು ವಿಡಿಯೋ ಡೈರೆಕ್ಟ್ ಮಾಡ್ಬೇಕು ಸಾರ್. ಆರು ತಿಂಗಳಿಂದ ಒದ್ದಾಡ್ತಿದೀನಿ, ಏನೂ ಹೊಳೀತಿಲ್ಲ,” ಎಂದ.

ಅವನಿಗೆ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವುದೇ. ಒಬ್ಬ ನಟಿಗೆ ಇಳಕಲ್ ಸೀರೆ ಉಡಿಸುವುದು, ಬೀಸುವ ಕಲ್ಲಿನ ಮುಂದೆ ಕೂರಿಸುವುದು, ತಾಯಿಯ ಧ್ವನಿಗೆ ಅವಳ ತುಟಿ ಹೊಂದಿಸುವುದು. ಹಾಡಿಗೆ ಹಣ ಹಾಕಲು ಮುಂದೆ ಬಂದಿದ್ದ ಸಂಗೀತ ಸಂಸ್ಥೆಯೊಂದು ಇದನ್ನು ಒಪ್ಪಿಯೂ ಇತ್ತು. ಅವರದೊಂದು ಷರತ್ತೂ ಇತ್ತು: ಕಲ್ಲಿನ ಗರಗರ ಸದ್ದನ್ನೂ ಹಿನ್ನೆಲೆಯ ಗದ್ದಲವನ್ನೂ ಯಂತ್ರದಿಂದ ಒರೆಸಿ ಹಾಕಿ, ಧ್ವನಿಯನ್ನು ಮಾತ್ರ ಉಳಿಸಿಕೊಂಡು, ಕೆಳಗೆ ತಾಳವಾದ್ಯ ಸೇರಿಸಬೇಕು. ಹುಡುಗ ಊರಿಗೆ ಹೋಗಿ ತಂದೆಗೆ ಎಲ್ಲವನ್ನೂ ವಿವರಿಸಿದ. ಅವರು ಹೆಚ್ಚು ಮಾತಿನವರಲ್ಲ. ನಟಿಯ ಫೋಟೋ ನೋಡಿ, “ಚೆನ್ನಾಗವ್ಳೆ. ಆದ್ರೆ ಇವ್ಳು ನಿಮ್ಮವ್ವ ಅಲ್ವಲ್ಲಪ್ಪ,” ಎಂದರಂತೆ. ಅಲ್ಲಿಗೆ ಆ ಯೋಜನೆ ನಿಂತಿತು. ಹಳೆ ಮೈಸೂರು ಸೀಮೆಯ ರೈತ ಹೆಂಗಸಿಗೆ ಇಳಕಲ್ ಸೀರೆ ಏಕೆ ಎಂದು ನಾನೂ ಕೇಳುವವನಿದ್ದೆ. ತಂದೆಯ ಮಾತು ಕೇಳಿದ ಮೇಲೆ ಅದರ ಅಗತ್ಯ ಉಳಿಯಲಿಲ್ಲ.

ಮುಂದಿನ ಎರಡು ತಿಂಗಳು ಅವನು ಜಗತ್ತಿನ ಪ್ರಸಿದ್ಧ ದೃಶ್ಯಗೀತೆಗಳನ್ನೆಲ್ಲ ನೋಡಿದ. ಕೆಲವನ್ನು ನನಗೂ ತೋರಿಸಿದ. ಚಿತ್ರಮಂಜರಿ, ಚಿತ್ರಹಾರ್‌ಗಳ ಕಾಲದ ನನಗೆ ಇವು ಹೊಸ ಲೋಕ. 1965ರಲ್ಲಿ ಲಂಡನ್ನಿನ ಸವಾಯ್ ಹೋಟೆಲಿನ ಪಕ್ಕದ ಓಣಿಯಲ್ಲಿ ಬಾಬ್ ಡಿಲನ್ ನಿಂತಿದ್ದಾನೆ. ಅವನು ಹಾಡುವುದೇ ಇಲ್ಲ. ಹಾಡಿನ ಆಯ್ದ ಪದಗಳನ್ನು ಬರೆದ ಹಲಗೆಗಳನ್ನು ಒಂದೊಂದಾಗಿ ತೋರಿಸಿ ಕೆಳಗೆ ಬಿಸಾಡುತ್ತಾನೆ. ಅಷ್ಟೇ. ನಾನು ನಕ್ಕುಬಿಟ್ಟೆ. ಬಿ.ಎಡ್. ತರಬೇತಿಯಲ್ಲಿ ನಮ್ಮಿಂದ ರಾತ್ರಿಯೆಲ್ಲ ಬರೆಸುತ್ತಿದ್ದ ಮಿಂಚುಪಟ್ಟಿಗಳೇ ಇವು! ಬೋಧನೋಪಕರಣವೆಂದರೆ ದುಬಾರಿಯಾಗಿರಬೇಕಿಲ್ಲ, ಆ ಪಾಠಕ್ಕೆ ಒಪ್ಪಬೇಕು ಎಂದು ನಮ್ಮ ಪ್ರಾಧ್ಯಾಪಕರು ಹೇಳುತ್ತಿದ್ದುದು ನೆನಪಾಯಿತು. ಮುಂದೆ 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಆ ಹಾಡುಗಾರನಿಗೆ ಪದಗಳೇ ಬಂಡವಾಳ. ಅವನು ಪದಗಳನ್ನೇ ಕೈಯಲ್ಲಿ ಹಿಡಿದ.

ಇನ್ನೊಂದು, 1975ರಲ್ಲಿ ‘ಕ್ವೀನ್’ ಎಂಬ ಇಂಗ್ಲಿಷ್ ತಂಡದವರು ‘ಬೊಹೀಮಿಯನ್ ರಾಪ್ಸಡಿ’ ಎಂಬ ಗೀತೆಗೆ ಮಾಡಿದ್ದು. ಕತ್ತಲೆಯಲ್ಲಿ ನಾಲ್ಕು ಮುಖಗಳು ಮಾತ್ರ ಬೆಳಕಿಗೆ ಬಂದು ಹಾಡುತ್ತವೆ. ಆ ಚಿತ್ರಿಕೆಯ ಮೂಲ ಅವರದೇ ಹಿಂದಿನ ವರ್ಷದ ಆಲ್ಬಮ್ಮಿನ ಮುಖಪುಟದ ಛಾಯಾಚಿತ್ರ. ಅದಕ್ಕೂ ಮೂಲ 1930ರ ದಶಕದ ನಟಿ ಮರ್ಲೀನ್ ಡೀಟ್ರಿಚ್‌ಳ ಒಂದು ಭಾವಚಿತ್ರ. ಬಹು ಹೆಸರು ಮಾಡಿದ ಆ ವಿಡಿಯೋದ ಚಿತ್ರೀಕರಣಕ್ಕೆ ಹಿಡಿದದ್ದು ನಾಲ್ಕೇ ಗಂಟೆಗಳಂತೆ. ಮಮ್ಮಟ ಹೇಳುವ ‘ನಿಪುಣತೆ’ ಇದೇ. ಹಿಂದಿನವರು ಮಾಡಿದ್ದನ್ನು ಕಣ್ಣಲ್ಲಿ ತುಂಬಿಕೊಂಡಿದ್ದವರಿಗೆ ನಾಲ್ಕು ಗಂಟೆ ಸಾಕಾಗುತ್ತದೆ.

ನಮ್ಮವರದೂ ಒಂದನ್ನು ನಾನು ಅವನಿಗೆ ನೆನಪಿಸಿದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಮೊದಲು ಬಿತ್ತರವಾದ ‘ಮಿಲೇ ಸುರ್ ಮೇರಾ ತುಮ್ಹಾರಾ’. ಆಗ ನಾನು ಇನ್ನೂ ಹೊಸ ಮೇಷ್ಟ್ರು. ಗದಗ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಧುಮ್ಮಿಕ್ಕುವ ನೀರಿನ ಮುಂದೆ ನಿಂತು ಭೈರವಿಯನ್ನು ತೆಗೆಯುತ್ತಾರೆ. ಸ್ವರಗಳು ಕೂಡಿ ಹೊಳೆಯಾಗಲಿ ಎಂಬ ಭಾವದ ಹಾಡಿಗೆ ನೀರಿನ ಸನ್ನಿಧಿ. ಹತ್ತಾರು ಭಾಷೆಗಳನ್ನು ಹಾದುಹೋಗುವ ಆ ಚಿತ್ರದಲ್ಲಿ ನಮ್ಮ ಪ್ರಕಾಶ್ ಪಡುಕೋಣೆಯವರೂ ಇದ್ದಾರೆ. ನನ್ನ ತರಗತಿಯ ಮಕ್ಕಳಿಗೆ ಆ ಹಾಡಿನ ಹೆಚ್ಚಿನ ಭಾಷೆಗಳು ಬರುತ್ತಿರಲಿಲ್ಲ. ಹಾಡು ಮಾತ್ರ ಬಾಯಿಗೆ ಬಂದಿತ್ತು.

ಇಷ್ಟೆಲ್ಲ ನೋಡಿಯೂ ಹುಡುಗನ ಕಷ್ಟ ಪರಿಹಾರವಾಗಲಿಲ್ಲ. ಆಗುವುದೂ ಇಲ್ಲ. ಡಿಲನ್ನನಿಗೆ ಒಪ್ಪಿದ ಹಲಗೆ ಈ ತಾಯಿಗೆ ಒಪ್ಪದು. ಇತರರ ಉತ್ತರಗಳಿಂದ ಕಲಿಯಬೇಕಾದದ್ದು ಅವರು ಪ್ರಶ್ನೆಯನ್ನು ಹೇಗೆ ಕೇಳಿಕೊಂಡರು ಎಂಬುದನ್ನು. ಉತ್ತರವನ್ನೇ ಎತ್ತಿಕೊಂಡು ಬಂದರೆ ಅದು ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದಂತೆ. ಅವನ ಪ್ರಶ್ನೆಪತ್ರಿಕೆಯೇ ಬೇರೆಯಾಗಿರಬಹುದು.

ಈ ಸಂದರ್ಭದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆಯ ಮಾತು ಬಂತು. ‘ಗರಿ’ ಸಂಕಲನದ ಈ ಕವಿತೆಯನ್ನು ನಿಮ್ಮಲ್ಲಿ ಅನೇಕರು ನನ್ನಿಂದ ಕೇಳಿದ್ದೀರಿ. 1967ರಲ್ಲಿ ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ಕ್ಕೆ ಅದನ್ನು ಅಳವಡಿಸಿಕೊಂಡರು, ವಿಜಯಭಾಸ್ಕರರ ಸಂಗೀತದಲ್ಲಿ ಎಸ್. ಜಾನಕಿಯವರು ಹಾಡಿದರು. ಕವಿತೆಯುದ್ದಕ್ಕೂ ಸೂರ್ಯೋದಯದ ವರ್ಣನೆ. ಆದರೆ ಕೊನೆಗೆ ಬಂದಾಗ ಕವಿ, ತಾನು ಇಷ್ಟು ಹೊತ್ತು ಕಂಡದ್ದು ಬರಿಯ ಬೆಳಗಲ್ಲ ಎನ್ನುತ್ತಾರೆ. ನಾನು ತರಗತಿಯಲ್ಲಿ ಮಕ್ಕಳನ್ನು ಕೇಳುತ್ತಿದ್ದೆ: “ಬೆಳಗನ್ನೇನೋ ಚಿತ್ರ ಬರೆದು ತೋರಿಸಬಹುದು. ಬರಿಯ ಬೆಳಗಲ್ಲ ಎಂಬುದನ್ನು ಹೇಗೆ ಬರೆಯುತ್ತೀರಿ?” ಒಂದು ವರ್ಷ ಒಬ್ಬ ಹುಡುಗಿ ಸೂರ್ಯನನ್ನೇ ಬರೆಯದೆ, ಪೂರ್ವಕ್ಕೆ ಮುಖ ಮಾಡಿ ನಿಂತ ಒಂದು ಮಗುವಿನ ಬೆನ್ನನ್ನು ಬರೆದು ತಂದಿದ್ದಳು. ನಾನು ಆ ಚಿತ್ರವನ್ನು ಬಹುಕಾಲ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ.

ಹಾಡಿಗೆ ಚಿತ್ರ ಮಾಡುವವರ ಮುಖ್ಯ ಸಮಸ್ಯೆ ಇದೇ ಎಂಬುದು ನನ್ನ ಅನಿಸಿಕೆ. ಹಾಡು ‘ಮಳೆ’ ಎಂದರೆ ಮಳೆ, ‘ಹೂ’ ಎಂದರೆ ಹೂ, ‘ಕಣ್ಣೀರು’ ಎಂದರೆ ಕಣ್ಣೀರು ತೋರಿಸುವುದು ಪದ್ಯಕ್ಕೆ ಪ್ರತಿಪದಾರ್ಥ ಬರೆದಂತೆ. ಪ್ರತಿಪದಾರ್ಥ ತಪ್ಪಲ್ಲ, ಅದಕ್ಕೂ ಎರಡು ಅಂಕಗಳುಂಟು. ಆದರೆ ಯಾವ ಪದ್ಯವೂ ತನ್ನ ಪ್ರತಿಪದಾರ್ಥದಲ್ಲಿ ಬದುಕಿರುವುದಿಲ್ಲ. ಮಾತು ಹೇಳಿ ಮುಗಿಸಿದ್ದನ್ನು ಚಿತ್ರವು ಮತ್ತೆ ಹೇಳಬಾರದು; ಮಾತು ಬಿಟ್ಟದ್ದನ್ನು ಅದು ಹಿಡಿಯಬೇಕು.

“ಹಾಗಾದರೆ ನಿಮ್ಮ ತಾಯಿಯ ಹಾಡು ಬಿಟ್ಟಿರುವುದು ಏನು?” ಎಂದು ಕೇಳಿದೆ. ಅವನಿಗೆ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ. ನಾವು ನೋಡುವುದನ್ನು ನಿಲ್ಲಿಸಿ ಕೇಳಲು ಕುಳಿತೆವು. ಒಂದು ಭಾನುವಾರವಿಡೀ ಆ ಮೂರು ನಿಮಿಷಗಳನ್ನು ಮತ್ತೆ ಮತ್ತೆ ಕೇಳಿದೆವು. ನನ್ನ ಮನೆಯವರು ಕಾಫಿ ತಂದಿಟ್ಟು ಹೋದದ್ದೂ ಗೊತ್ತಾಗಲಿಲ್ಲ.

ಮೊದಲು ನನ್ನ ಕಿವಿಗೆ ಬಿದ್ದದ್ದು ಛಂದಸ್ಸು, ಅಭ್ಯಾಸಬಲ. ಅದು ತ್ರಿಪದಿ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಸಂಗ್ರಹಿಸಿ ಪ್ರಕಟಿಸಿದರಲ್ಲ, ಆ ಬೀಸುವ, ಕುಟ್ಟುವ ಹಾಡುಗಳ ಮಟ್ಟು ಅದೇ. ಸರ್ವಜ್ಞನ ಮಟ್ಟೂ ಅದೇ. ಮೂರು ಸಾಲು, ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಬಾಯಲ್ಲಿ ಹಾಡುವಾಗ ಎರಡನೆಯ ಸಾಲನ್ನು ಮತ್ತೊಮ್ಮೆ ಎಳೆದುಕೊಂಡು ಬಂದು ಮೂರನೆಯದಕ್ಕೆ ಕೂಡಿಸುತ್ತಾರೆ. ಹಾಳೆಯ ಮೇಲಿನ ಮೂರು ಸಾಲು ಕಂಠದಲ್ಲಿ ನಾಲ್ಕಾಗುತ್ತದೆ. ಹೊಸ ಮಾತನ್ನು ಹೇಳುವ ಮುನ್ನ ಹಳೆಯ ಮಾತನ್ನೊಮ್ಮೆ ತಡವಿ ನೋಡಿದಂತೆ. “ನೀನು ದೃಶ್ಯಗಳನ್ನು ಜೋಡಿಸುವುದೂ ಹೀಗೇ ಇರಲಿ. ಎರಡನೆಯದನ್ನು ಮತ್ತೊಮ್ಮೆ ತೋರಿಸಿ ಮೂರನೆಯದಕ್ಕೆ ಹೋಗು,” ಎಂದೆ. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಶಾಲೆಯಲ್ಲಿದ್ದಾಗ ಛಂದಸ್ಸಿನ ಪಾಠದಲ್ಲಿ ಅವನು ಏನನ್ನೂ ಬರೆದುಕೊಂಡ ನೆನಪು ನನಗಿಲ್ಲ.

ಎರಡನೆಯದನ್ನು ಕಂಡುಹಿಡಿದವನು ಅವನೇ. ಹಾಡಿನ ನಡುವೆ, ಪ್ರತಿ ಎರಡು ಮೂರು ಪದಗಳಿಗೊಮ್ಮೆ, ಧ್ವನಿ ಅರೆಕ್ಷಣ ತಡೆಯುತ್ತದೆ. ಉಸಿರಿಗಾಗಿ ಅಲ್ಲ, ಉಸಿರು ಬೇರೆ ಕಡೆ ಇದೆ. ಕಲ್ಲಿನ ಸದ್ದೂ ಅದೇ ಕ್ಷಣದಲ್ಲಿ ಬದಲಾಗುತ್ತದೆ, ಗರಗರ ಎನ್ನುತ್ತಿದ್ದುದು ಸ್ವಲ್ಪ ಭಾರವಾಗುತ್ತದೆ. ಏಳೆಂಟು ಬಾರಿ ಕೇಳಿದ ಮೇಲೆ ಅವನು ತಲೆ ಎತ್ತಿ, “ರಾಗಿ ಹಾಕ್ತಿದಾಳೆ ಸಾರ್. ಒಂದು ಹಿಡಿ ರಾಗಿ ಕಲ್ಲಿನ ಬಾಯಿಗೆ ಹಾಕ್ತಿದಾಳೆ. ಅದಕ್ಕೇ ಹಾಡು ನಿಲ್ತಿದೆ,” ಎಂದ. ಅವನ ಕಣ್ಣು ತುಂಬಿಕೊಂಡವು. ಆರು ತಿಂಗಳು ಅವನು ಕೇಳಿದ್ದುದು ಧ್ವನಿಯನ್ನು. ಅಂದು ಅವನು ಕೈಯನ್ನು ಕೇಳಿದ.

ಆ ಸಂಗೀತ ಸಂಸ್ಥೆಯವರು ಒರೆಸಿ ಹಾಕಬೇಕೆಂದಿದ್ದುದು ಇದನ್ನೇ. ಕಲ್ಲಿನ ಸದ್ದು ಹೋದರೆ ಆ ತಡೆಗಳು ಬರಿಯ ದೋಷಗಳಾಗಿ ಕೇಳುತ್ತವೆ; ಅವನ್ನೂ ಕತ್ತರಿಸಿ ತೆಗೆಯುತ್ತಾರೆ. ಕೊನೆಗೆ ಉಳಿಯುವುದು ಯಾರೂ ಏನನ್ನೂ ಬೀಸದ ಒಂದು ಬೀಸುವ ಹಾಡು. ಕ್ಯಾಸೆಟ್ಟಿನಲ್ಲಿ ಇನ್ನೂ ಏನೇನೋ ಇದ್ದವು: ಒಂದು ಕೋಳಿ, ಕರುವಿನ ಕೊರಳ ಗಂಟೆ, ದೂರದಲ್ಲಿ ಬಸ್ಸಿನ ಹಾರನ್, ಒಂದು ಕಡೆ ಅವನ ತಂದೆಯ ಅದುಮಿಟ್ಟ ಕೆಮ್ಮು. ಮಾತು ಬಿಟ್ಟದ್ದು ಏನು ಎಂಬ ನಮ್ಮ ಪ್ರಶ್ನೆಗೆ ಕ್ಯಾಸೆಟ್ಟೇ ಉತ್ತರ ಹೇಳಿತ್ತು. ಹಾಡಿನ ಪದಗಳಲ್ಲಿ ತವರು, ಅಣ್ಣ, ಶಿವ ಎಲ್ಲರೂ ಇದ್ದರು. ಆ ಮನೆ, ಆ ಬೆಳಗಿನ ಜಾವ, ಆ ಕೆಲಸ ಮಾತ್ರ ಇರಲಿಲ್ಲ. ಅವು ಸದ್ದುಗಳಲ್ಲಿದ್ದವು. ಮುಖ ತೋರಿಸಬೇಕಿಲ್ಲ, ತುಟಿ ಆಡಬೇಕಿಲ್ಲ. ಕಲ್ಲು ತಿರುಗಬೇಕು, ಹಿಡಿ ರಾಗಿ ಬೀಳಬೇಕು ಎಂಬುದು ಅಲ್ಲಿಗೆ ನಿಶ್ಚಯವಾಯಿತು.

ತುಟಿಯ ಮಾತು ಬಂದಾಗ ನನಗೆ ವಿ.ಕೆ. ಮೂರ್ತಿಯವರು ನೆನಪಾದರು. ಇವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಮಕ್ಕಳು ಇವರ ಹೆಸರನ್ನು ಮರೆಯುತ್ತಿದ್ದಾರೆ.

ಮೈಸೂರಿನಲ್ಲಿ ಹುಟ್ಟಿದ ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಛಾಯಾಗ್ರಹಣ ಕಲಿತವರು. ಪಿಟೀಲು ಬಲ್ಲವರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡವರು. ಬೊಂಬಾಯಿಗೆ ಹೋಗಿ ‘ಬಾಜಿ’ (1951) ಚಿತ್ರದಲ್ಲಿ ಸಹಾಯಕರಾಗಿದ್ದಾಗ, ಅವರ ಕ್ಯಾಮೆರಾ ಕೈಚಳಕ ಗುರುದತ್ತರ ಕಣ್ಣಿಗೆ ಬಿತ್ತು. ಗುರುದತ್ತರು ಹುಟ್ಟಿದ್ದೂ ಬೆಂಗಳೂರಿನಲ್ಲೇ, 1925ರಲ್ಲಿ. 1952ರ ‘ಜಾಲ್’ನಿಂದ ಮುಂದೆ ಇಬ್ಬರದೂ ಒಂದೇ ದಾರಿ.

1959ರಲ್ಲಿ ಬಂದ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಕೈಫಿ ಆಜ್ಮಿಯವರು ಬರೆದು, ಎಸ್.ಡಿ. ಬರ್ಮನ್‌ರು ಸ್ವರ ಹಾಕಿ, ಗೀತಾ ದತ್ತರು ಹಾಡಿದ ಒಂದು ಗೀತೆಯಿದೆ: ‘ವಕ್ತ್ ನೆ ಕಿಯಾ’. ಖಾಲಿ ಸ್ಟುಡಿಯೋ ಒಂದರಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ದೂರ ದೂರ ನಿಂತಿದ್ದಾರೆ. ಯಾರ ತುಟಿಯೂ ಅಲುಗುವುದಿಲ್ಲ. ಹಾಡು ಎಲ್ಲಿಂದಲೋ ಬರುತ್ತದೆ. ಮೇಲಿನಿಂದ ಒಂದು ಬೆಳಕಿನ ಕಂಬ ಓರೆಯಾಗಿ ಇಳಿದಿದೆ. ಅವರಿಬ್ಬರ ಛಾಯೆಗಳು ದೇಹಗಳನ್ನು ಬಿಟ್ಟು ನಡೆದು ಬಂದು ಆ ಬೆಳಕಿನಲ್ಲಿ ಕೂಡುತ್ತವೆ, ದೇಹಗಳು ನಿಂತಲ್ಲೇ ನಿಂತಿವೆ. ಆಡಲಾಗದ ಮಾತಿಗೆ ಅದಕ್ಕಿಂತ ಮಿಗಿಲಾದ ಚಿತ್ರವನ್ನು ನಾನು ಕಂಡಿಲ್ಲ.

ಆ ಬೆಳಕಿನ ಕಂಬ ಬಂದದ್ದು ಎಲ್ಲಿಂದ? ಸ್ಟುಡಿಯೋದ ದೀಪಗಳ ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ಬಿಸಿಲಿನಂತೆ ನೇರವಾಗಿ ಸಮಾನಾಂತರವಾಗಿ ಬೀಳುವುದಿಲ್ಲ. ಮೂರ್ತಿಯವರು ಹೊರಗಿನ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿಯನ್ನು ನಿಲ್ಲಿಸಿದರು. ಅದು ಹಿಡಿದ ಬಿಸಿಲನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಕಳಿಸಿದರು. ಅಲ್ಲಿಂದ ಅದು ಕತ್ತಲ ನೆಲಕ್ಕೆ ಇಳಿಯಿತು. ನಾವೆಲ್ಲ ಬಾಲ್ಯದಲ್ಲಿ ಕನ್ನಡಿ ಚೂರು ಹಿಡಿದು ಎದುರುಮನೆಯ ಗೋಡೆಯ ಮೇಲೆ ಬಿಸಿಲುಕುದುರೆ ಓಡಿಸಿದ್ದೇವೆ. ಮೂರ್ತಿಯವರು ಆ ಆಟಕ್ಕೆ ಒಂದು ದುಃಖವನ್ನು ಕೂಡಿಸಿದರು. ಆ ಚಿತ್ರಕ್ಕೆ ಅವರಿಗೆ ಫಿಲಂಫೇರ್ ಪ್ರಶಸ್ತಿ ಬಂತು. ಬಹುಕಾಲದ ನಂತರ, 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. ನಡುವೆ 1993ರಲ್ಲಿ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಕ್ಯಾಮೆರಾ ಹಿಡಿದಿದ್ದರು. 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಹುಡುಗ ಆ ಹಾಡನ್ನು ನನ್ನೆದುರೇ ನೋಡಿದ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಅಡುಗೆಮನೆ ಮೇಲೆ ಒಂದು ಬೆಳಕಿಂಡಿ ಇದೆ ಸಾರ್,” ಎಂದ.

ಸಂಸ್ಥೆಯವರಿಗೆ ಅವನು ಬೇಡವೆಂದು ತಿಳಿಸಿದ. ಅವರ ಹಣ ಹೋಯಿತು. ತನ್ನ ಉಳಿತಾಯದಲ್ಲೇ ಮಾಡಬೇಕಾಯಿತು. ಬಾಡಿಗೆ ದೀಪಗಳಿಲ್ಲ, ಸ್ನೇಹಿತನೊಬ್ಬನ ಕ್ಯಾಮೆರಾ, ಅಷ್ಟೇ. ಚಿತ್ರೀಕರಣದ ದಿನ ನನ್ನನ್ನೂ ಕರೆದುಕೊಂಡು ಹೋದ. ಊರಿನಲ್ಲಿ ಬೀಸುವ ಕಲ್ಲು ಎಂದೋ ಮೂಲೆಗೆ ಬಿದ್ದಿತ್ತು. ಫ್ಲೋರ್ ಮಿಲ್ ಬಂದ ಮೇಲೆ ಯಾರು ಬೀಸುತ್ತಾರೆ? ಕೆಳಗಿನ ಕಲ್ಲು ಕೊಟ್ಟಿಗೆಯ ಹಿಂದೆ ಇತ್ತು. ಮೇಲಿನದು ಬಚ್ಚಲ ಬಳಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ತಂದೆಯೇ ಎರಡನ್ನೂ ತೊಳೆದು, ಕಲ್ಲುಕುಟಿಗನನ್ನು ಕರೆಸಿ ಉಳಿಯಿಂದ ಒರಟು ಮಾಡಿಸಿ, ಹೊಸ ಗೂಟ ಕೆತ್ತಿ ಇಟ್ಟಿದ್ದರು. ಯಾರೂ ಹೇಳಿರಲಿಲ್ಲವಂತೆ.

ಬೆಳಕಿಂಡಿಯಿಂದ ಬಿಸಿಲು ಬೀಳುವುದು ಹಗಲು ಹನ್ನೊಂದರ ಹೊತ್ತಿಗೆ, ಅದೂ ಒಲೆಯ ಮೇಲೆ, ಕಲ್ಲಿದ್ದ ಜಾಗಕ್ಕಲ್ಲ. ಹುಡುಗ ಮನೆಯ ಗೋಡೆಯ ಮೇಲಿದ್ದ, ಅವನ ತಾಯಿ ಕುಂಕುಮ ಇಟ್ಟುಕೊಳ್ಳುತ್ತಿದ್ದ ಕನ್ನಡಿಯನ್ನೇ ಇಳಿಸಿ ಒಲೆಯ ಪಕ್ಕ ನಿಲ್ಲಿಸಿದ. ಬಿಸಿಲು ತಿರುಗಿತು, ಕಲ್ಲಿನ ಮೇಲೆ ಬಂದು ಕೂತಿತು. ಆದರೆ ಗಾಳಿಯಲ್ಲಿ ಅದರ ದಾರಿ ಕಾಣಲಿಲ್ಲ. ಬೆಳಕು ತಾನಾಗಿ ಕಾಣುವುದಿಲ್ಲ, ನಡುವೆ ಏನಾದರೂ ಅದನ್ನು ತಡೆದು ಚದುರಿಸಿದಾಗ ಮಾತ್ರ ಅದರ ದಾರಿ ಕಾಣುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ. ಅಗರಬತ್ತಿ ಹಚ್ಚೋಣವೇ ಎಂದು ಸ್ನೇಹಿತ ಕೇಳುತ್ತಿದ್ದಂತೆಯೇ ತಂದೆ ಬಂದು ಕಲ್ಲಿನ ಮುಂದೆ ಕಾಲು ಚಾಚಿ ಕುಳಿತರು. “ನೀವು ಬೀಸಿದ್ರೆ ಸರಿಯಾಗಲ್ಲ, ಕೊಡ್ರೋ,” ಎಂದು ಗೂಟ ಹಿಡಿದರು. ಒಂದು ಹಿಡಿ ರಾಗಿ ಹಾಕಿ ತಿರುಗಿಸಿದರು.

ನಾಲ್ಕು ಸುತ್ತಿಗೆ ಕಲ್ಲಿನ ಅಂಚಿನಿಂದ ಹಿಟ್ಟಿನ ಧೂಳು ಎದ್ದಿತು. ಕಾಣದೆ ಇದ್ದ ಬೆಳಕಿನ ದಾರಿ, ಕನ್ನಡಿಯಿಂದ ಕಲ್ಲಿನವರೆಗೆ, ಒಮ್ಮೆಲೇ ಕಂಡಿತು. ಯಾರೂ ಮಾತಾಡಲಿಲ್ಲ. ಹುಡುಗ ಕ್ಯಾಮೆರಾ ಚಾಲೂ ಮಾಡಿದ. ಪಕ್ಕದಲ್ಲಿ ಮೆಲ್ಲನೆ ಹಾಡನ್ನು ಹಾಕಿದ. ತಂದೆ ಹಾಡಿನೊಂದಿಗೆ ತಿರುಗಿಸುತ್ತಾ ಹೋದರು. ಧ್ವನಿ ತಡೆಯುವಲ್ಲಿ ರಾಗಿ ಹಾಕಿ ಎಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅವರ ಕೈ ಸರಿಯಾಗಿ ಅಲ್ಲಲ್ಲೇ ಹಿಡಿ ತುಂಬಿ ಹಾಕುತ್ತಿತ್ತು. ಅವರೂ ಎಷ್ಟು ಸಲ ಆ ಕ್ಯಾಸೆಟ್ ಕೇಳಿದ್ದರೋ!

ಸಿದ್ಧವಾದ ವಿಡಿಯೋದಲ್ಲಿ ಯಾರ ಮುಖವೂ ಇಲ್ಲ. ಒಂದು ಮುದಿ ಕೈ, ಕಲ್ಲು, ಹಿಟ್ಟು, ಬೆಳಕು, ಬಾಗಿಲಾಚೆ ಒಂದು ಕರು. ತ್ರಿಪದಿಯ ನಡೆಯಂತೆ ಎರಡನೆಯ ದೃಶ್ಯ ಮರಳಿ ಬಂದು ಮೂರನೆಯದಕ್ಕೆ ಸೇರುತ್ತದೆ. ಕೋಳಿಯೂ ಕೆಮ್ಮೂ ಇದ್ದ ಹಾಗೇ ಇವೆ. ಊರಿನಲ್ಲಿ ತಂದೆಗೆ ತೋರಿಸಿದಾಗ ಅವರು ಪೂರ್ತಿ ನೋಡಿ, “ಹಿಟ್ಟು ಇನ್ನೂ ವಸಿ ನುಣ್ಣಗೆ ಬರಬೇಕಿತ್ತು. ಅವ್ಳಾಗಿದ್ರೆ ಬರ್ತಿತ್ತು,” ಎಂದರಂತೆ. ಮಗನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾಗಿರಲಿಲ್ಲ. ಅಲ್ಲಿ ಆಕೆ ಇದ್ದಾಳೆ ಎಂದು ಅವರು ಒಪ್ಪಿದ ಹಾಗಾಯಿತಲ್ಲ.

ಎಷ್ಟು ಜನ ಅದನ್ನು ನೋಡಿದರು ಎಂದು ನಾನು ಕೇಳಿಲ್ಲ. ಬಹಳ ಜನ ನೋಡಿರಲಾರರು. ಆದರೆ ನಿಮ್ಮಲ್ಲಿ ಅನೇಕರು ಈಗ ಕೈಯಲ್ಲೇ ಕ್ಯಾಮೆರಾ ಇಟ್ಟುಕೊಂಡು ಓಡಾಡುತ್ತೀರಿ. ಮಕ್ಕಳ ಹಾಡಿಗೋ ಶಾಲೆಯ ವಾರ್ಷಿಕೋತ್ಸವಕ್ಕೋ ಏನಾದರೊಂದು ಮಾಡುತ್ತಲೇ ಇರುತ್ತೀರಿ. ಅವರಿಗಾಗಿ ಒಂದೆರಡು ಮಾತು. ಏನೂ ಹೊಳೆಯದಿದ್ದಾಗ ಇನ್ನೊಂದು ನೂರು ವಿಡಿಯೋ ನೋಡುವ ಮುನ್ನ ನಿಮ್ಮ ಹಾಡನ್ನು ಕಣ್ಣು ಮುಚ್ಚಿ ಹತ್ತು ಬಾರಿ ಕೇಳಿರಿ. ಹಾಡಿದವರ ಕೈ ಆಗ ಏನು ಮಾಡುತ್ತಿತ್ತು, ಸುತ್ತ ಯಾರಿದ್ದರು, ಹೊತ್ತು ಯಾವುದು ಎಂದು ಕೇಳಿಕೊಳ್ಳಿರಿ. ಪದಗಳು ಹೇಳಿದ್ದನ್ನು ಪಟ್ಟಿ ಮಾಡಿ, ಅದನ್ನು ತೋರಿಸದೆ ಬಿಡುವುದಾದರೆ ಏನು ಉಳಿಯುತ್ತದೆ ನೋಡಿರಿ. ಆಮೇಲೆ ಮನೆಯಲ್ಲಿ ಏನಿದೆ ಎಂದು ಹುಡುಕಿರಿ. ಇಲ್ಲದ ದೀಪಕ್ಕಾಗಿ ಕಾಯುವವನಿಗೆ ಇರುವ ಕನ್ನಡಿ ಕಾಣುವುದಿಲ್ಲ.

ಹಿಂದಿನ ಬೆಂಚಿನ ಹುಡುಗ ಈಗ ಎದ್ದು ನಿಂತು, “ಹೇಗೆ ಹೊಳೆಯುತ್ತೆ ಸಾರ್?” ಎಂದು ಕೇಳಿದರೆ ಮಮ್ಮಟನ ಜೊತೆಗೆ ಇಷ್ಟನ್ನು ಸೇರಿಸಿ ಹೇಳುತ್ತೇನೆ: ಬೆಳಕು ಮೊದಲೇ ಅಲ್ಲಿರುತ್ತದೆಯಪ್ಪ. ಕೂತು ಬೀಸಲು ತೊಡಗಬೇಕು. ಧೂಳು ಎದ್ದಾಗ ಅದು ಕಾಣುತ್ತದೆ.

ನಿಮ್ಮ ಮನೆಗಳಲ್ಲಿಯೂ ಅಜ್ಜಿಯರ, ತಾಯಂದಿರ ಇಂಥ ಕ್ಯಾಸೆಟ್ಟುಗಳು ಇದ್ದರೆ ದಯವಿಟ್ಟು ಈ ವಾರವೇ ಹುಡುಕಿ ತೆಗೆಯಿರಿ. ಆ ಟೇಪುಗಳಿಗೆ ಬೂಷ್ಟು ಬೇಗ ಹಿಡಿಯುತ್ತದೆ.